ಕ್ಯಾಸಲ್‌ಕ್ರ್ಯಾಗ್: ಬೇಲಿ ಬೇಡವೆಂದ ಬಡಾವಣೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸಿಡ್ನಿಗೆ ಬಂದ ನೆಂಟರು ಒಪೆರಾ ಹೌಸ್, ಹಾರ್ಬರ್ ಸೇತುವೆ ನೋಡಿಯಾದ ಮೇಲೆ ಅವರನ್ನು ನಾನು ಕರೆದುಕೊಂಡು ಹೋಗುವ ಜಾಗ ಕ್ಯಾಸಲ್‌ಕ್ರ್ಯಾಗ್. ‘ಇದರಲ್ಲಿ ನೋಡುವುದೇನಿದೆ, ಬರೀ ಮನೆಗಳು’ ಎಂದು ಶುರುವಾಗುವ ಮಾತು ಬಸ್ ಹತ್ತುವ ಹೊತ್ತಿಗೆ ಪ್ರಶ್ನೆಗಳ ಸುರಿಮಳೆಯಾಗಿರುತ್ತದೆ. ಹೀಗೆ ನಡೆಯುತ್ತ ಕೇಳಿದವು, ಆಮೇಲೆ ಪತ್ರ ಬರೆದು ಕೇಳಿದವು, ಎಲ್ಲವನ್ನೂ ಇಲ್ಲಿ ಒಟ್ಟು ಮಾಡಿದ್ದೇನೆ. ಸುಲಭದ ಪ್ರಶ್ನೆಗಳು ಮೊದಲು, ತಕರಾರಿನವು ಕೊನೆಗೆ.

ಮೊದಲ ಪರಿಚಯ

ಈ ಕ್ಯಾಸಲ್‌ಕ್ರ್ಯಾಗ್ ಎಲ್ಲಿದೆ? ಊರೋ, ಬಡಾವಣೆಯೋ?

ಬಡಾವಣೆ. ಸಿಡ್ನಿಯ ನಗರ ಕೇಂದ್ರದಿಂದ ಉತ್ತರಕ್ಕೆ ಸುಮಾರು 8 ಕಿಲೋಮೀಟರ್ ದೂರದಲ್ಲಿದೆ. ಮಿಡ್ಲ್ ಹಾರ್ಬರ್ ಎಂಬ ಸಮುದ್ರದ ಕವಲಿನೊಳಕ್ಕೆ ಚಾಚಿಕೊಂಡ ಕಲ್ಲುಗುಡ್ಡವೊಂದರ ಮೇಲೆ ಕುಳಿತಿದೆ. ಆಡಳಿತ ವಿಲ್ಲೋಬಿ ನಗರಸಭೆಯದು. ಜನಸಂಖ್ಯೆ ಸುಮಾರು 3 ಸಾವಿರ. ಗುಡ್ಡದ ನೆತ್ತಿಯುದ್ದಕ್ಕೂ ಎಡಿನ್‌ಬರೋ ರಸ್ತೆ ಹಾದುಹೋಗುತ್ತದೆ, ಉಳಿದ ಬೀದಿಗಳೆಲ್ಲ ಅದರಿಂದ ಎಡಕ್ಕೂ ಬಲಕ್ಕೂ ಇಳಿಯುತ್ತವೆ. ಗುಡ್ಡ ಶುರುವಾಗುವ ಕಡೆ ನಾಲ್ಕಾರು ಅಂಗಡಿಗಳಿವೆ, ತುದಿಯಲ್ಲಿ ನೀರಿದೆ. ಒಂದೇ ದಾರಿಯಲ್ಲಿ ಒಳಗೆ ಹೋಗಿ ಅದೇ ದಾರಿಯಲ್ಲಿ ಹೊರಬರಬೇಕಾದ ಜಾಗ. ಹಾಗಾಗಿ ಬೇರೆ ಊರಿಗೆ ಹೋಗುವವರ ವಾಹನಗಳ ಕಾಟ ಇಲ್ಲಿಲ್ಲ.

ರೈಲಿನಲ್ಲಿ ಹೋಗಬಹುದೇ?

ಇಲ್ಲ, ರೈಲು ನಿಲ್ದಾಣ ಇಲ್ಲ. ನಗರ ಕೇಂದ್ರದಿಂದ ಬಸ್ ಇದೆ. ಅಂಗಡಿಗಳ ಹತ್ತಿರ ಇಳಿದು ನಡೆದರೆ ಸಾಕು. ಒಳ್ಳೆಯ ಬೂಟು ಹಾಕಿಕೊಳ್ಳಿ. ಚಪ್ಪಲಿಯಲ್ಲಿ ಬಂದ ನೆಂಟರ ಗೊಣಗಾಟ ನನಗೆ ಸಾಕಾಗಿದೆ.

ಇಲ್ಲಿ ನೋಡುವಂಥದ್ದು ಏನಿದೆ?

ಟಿಕೆಟ್ ಕೊಂಡು ನೋಡುವಂಥದ್ದು ಏನೂ ಇಲ್ಲ. ಬೀದಿಯಲ್ಲಿ ನಿಂತರೆ ಕೆಲವು ಮನೆಗಳು ಕಣ್ಣಿಗೇ ಬೀಳುವುದಿಲ್ಲ. ಕಲ್ಲಿನ ಬಣ್ಣವೂ ಗೋಡೆಯ ಬಣ್ಣವೂ ಒಂದೇ, ಚಾವಣಿ ಸಮತಟ್ಟು, ಮುಂದೆ ಮರಗಳು. ನಿಜವಾಗಿ ನೋಡಬೇಕಾದದ್ದು ಮನೆಗಳ ಹಿಂದೆ ಇದೆ. ಎರಡು ಮನೆಗಳ ನಡುವೆ ಯಾರದೋ ಹಿತ್ತಲಿನ ದಾರಿಯೆಂಬಂತೆ ಕಾಣುವ ಓಣಿಯೊಂದು ಒಳಗೆ ಹೋಗುತ್ತದೆ. ಧೈರ್ಯ ಮಾಡಿ ಅದರಲ್ಲಿ ನುಗ್ಗಿದರೆ ಮರಳುಗಲ್ಲಿನ ಮೆಟ್ಟಿಲುಗಳು ಸಿಗುತ್ತವೆ. ಆಂಗೊಫೊರಾ ಮರದ ಬೇರುಗಳು ಬಂಡೆಯನ್ನು ಅಪ್ಪಿ ಹಿಡಿದಿರುತ್ತವೆ, ಉದುರಿದ ತೊಗಟೆ ಕಾಲಡಿ ಚರಚರ ಎನ್ನುತ್ತದೆ. ಒಂದು ಪಕ್ಕದಲ್ಲಿ ಯಾರದೋ ಒಣಹಾಕಿದ ಬಟ್ಟೆ, ಇನ್ನೊಂದು ಪಕ್ಕದಲ್ಲಿ ಮರಗಳ ಸಂದಿಯಿಂದ ಸೇಲರ್ಸ್ ಬೇ ಕೊಲ್ಲಿಯ ನೀರು. ಇದು ಖಾಸಗಿ ಜಾಗವಲ್ಲ, ಎಲ್ಲರದು. ಹೀಗೆ ಊರಿನ ತುಂಬ ಪುಟ್ಟ ಪುಟ್ಟ ಮೀಸಲು ಜಾಗಗಳೂ ಅವನ್ನು ಜೋಡಿಸುವ ಕಾಲುದಾರಿಗಳೂ ಇವೆ. ಕ್ಯಾಸಲ್‌ಕ್ರ್ಯಾಗ್ ಎಂದರೆ ಇದೇ. ಮನೆಗಳದು ಎರಡನೆಯ ಸ್ಥಾನ.

ಬೀದಿಗಳ ಹೆಸರು ಯಾಕೆ ಇಷ್ಟು ವಿಚಿತ್ರ?

ದಿ ಪ್ಯಾರಪೆಟ್, ದಿ ರ‍್ಯಾಂಪಾರ್ಟ್, ದಿ ಬುಲ್‌ವರ್ಕ್, ದಿ ಬಾರ್ಬೆಟ್, ದಿ ಸಿಟಡೆಲ್, ದಿ ಬ್ಯಾಸ್ಟಿಯನ್, ದಿ ಪೋಸ್ಟರ್ನ್. ಎಲ್ಲವೂ ಕೋಟೆಯ ಅಂಗಗಳು. ನೀರಿನ ಮೇಲೆ ಎದ್ದು ನಿಂತ ಬಂಡೆಯೊಂದನ್ನು ಸುತ್ತಲಿನ ಜನ ಸ್ಕಾಟ್ಲೆಂಡಿನ ಎಡಿನ್‌ಬರೋ ಕೋಟೆಯ ಹೆಸರಿನಿಂದಲೇ ಕರೆಯುತ್ತಿದ್ದರು. ಬಡಾವಣೆ ಮಾಡಿದವರು ಅದೇ ಎಳೆ ಹಿಡಿದು ಬೀದಿಗಳಿಗೆಲ್ಲ ಬುರುಜು, ಕೊತ್ತಳ, ದಿಡ್ಡಿಬಾಗಿಲುಗಳ ಹೆಸರಿಟ್ಟರು. ಬೇಲಿಯೇ ಬೇಡವೆಂದ ಜಾಗಕ್ಕೆ ಕೋಟೆಗೋಡೆಗಳ ಹೆಸರು! ತಮಾಷೆಗೆ ಇಟ್ಟರೋ ಗಂಭೀರವಾಗಿ ಇಟ್ಟರೋ, ಅಂಚೆಯವರಿಗಂತೂ ಅಭ್ಯಾಸವಾಗಿದೆ.

ಹುಟ್ಟಿದ ಬಗೆ

ಇದನ್ನು ಕಟ್ಟಿದವರು ಯಾರು? ಸರ್ಕಾರವೇ?

ಸರ್ಕಾರವಲ್ಲ. ವಾಲ್ಟರ್ ಬರ್ಲಿ ಗ್ರಿಫಿನ್ ಮತ್ತು ಮೇರಿಯನ್ ಮಹೋನಿ ಗ್ರಿಫಿನ್ ಎಂಬ ಅಮೆರಿಕದ ವಾಸ್ತುಶಿಲ್ಪಿ ದಂಪತಿ. ಇಬ್ಬರೂ ಷಿಕಾಗೊದವರು, ಇಬ್ಬರೂ ಹೆಸರಾಂತ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಅವರ ಕಚೇರಿಯಲ್ಲಿ ದುಡಿದವರು. 1912ರಲ್ಲಿ ಆಸ್ಟ್ರೇಲಿಯಾದ ಹೊಸ ರಾಜಧಾನಿ ಕ್ಯಾನ್‌ಬೆರಾದ ನಕ್ಷೆಗಾಗಿ ನಡೆದ ಅಂತರರಾಷ್ಟ್ರೀಯ ಸ್ಪರ್ಧೆಯನ್ನು ಗೆದ್ದು ಈ ದೇಶಕ್ಕೆ ಬಂದರು. ಅಧಿಕಾರಿಗಳ ಜೊತೆ ವರ್ಷಗಟ್ಟಲೆ ಗುದ್ದಾಡಿ, 1920ರ ಕೊನೆಯಲ್ಲಿ ಗ್ರಿಫಿನ್ ಆ ಕೆಲಸದಿಂದ ಹೊರಬಂದರು.

ಸರ್ಕಾರವನ್ನು ನಂಬಿ ಊರು ಕಟ್ಟಲಾಗದು ಎಂದು ಮನವರಿಕೆಯಾದ ಮೇಲೆ ಕಂಪನಿ ಕಟ್ಟಿದರು. ಅದರ ಹೆಸರು ಗ್ರೇಟರ್ ಸಿಡ್ನಿ ಡೆವಲಪ್‌ಮೆಂಟ್ ಅಸೋಸಿಯೇಷನ್. ಶೇರುದಾರರ ಹಣದಿಂದ ಮಿಡ್ಲ್ ಹಾರ್ಬರ್ ದಂಡೆಯಲ್ಲಿ ಸುಮಾರು 650 ಎಕರೆ ಕೊಂಡರು. ಇಂದಿನ ಕ್ಯಾಸಲ್‌ಕ್ರ್ಯಾಗ್, ಮಿಡ್ಲ್ ಕೋವ್, ಕ್ಯಾಸಲ್ ಕೋವ್ ಈ ಮೂರೂ ಚಾಚುಗಳು ಆ ಜಮೀನಿನಲ್ಲಿದ್ದವು. ಗ್ರಿಫಿನ್ನರ ಕೈಯಲ್ಲಿ ರೂಪ ಪಡೆದದ್ದು ಮಾತ್ರ ಮೊದಲನೆಯದೊಂದೇ. 1925ರಲ್ಲಿ ದಂಪತಿ ಮೆಲ್ಬರ್ನ್ ಬಿಟ್ಟು ಇಲ್ಲಿಗೇ ವಾಸಕ್ಕೆ ಬಂದರು.

ಅಷ್ಟು ಒಳ್ಳೆಯ ಜಾಗ 1920ರವರೆಗೆ ಖಾಲಿ ಯಾಕಿತ್ತು?

ಆಗ ಅದು ಒಳ್ಳೆಯ ಜಾಗ ಎಂದು ಯಾರಿಗೂ ಅನಿಸಿರಲಿಲ್ಲ. ಕಲ್ಲು, ಕಡಿದಾದ ಇಳಿಜಾರು, ಉಳುಮೆಗೆ ಬಾರದ ತೆಳು ಮಣ್ಣು. ಸಿಡ್ನಿ ಹಾರ್ಬರ್ ಸೇತುವೆ ತೆರೆದದ್ದು 1932ರಲ್ಲಿ. ಅದಕ್ಕೆ ಮುಂಚೆ ನಗರಕ್ಕೆ ಹೋಗಬೇಕೆಂದರೆ ದೋಣಿಯಲ್ಲಿ ನೀರು ದಾಟಬೇಕಿತ್ತು. ಟ್ರಾಮ್ ಪಕ್ಕದ ನಾರ್ತ್‌ಬ್ರಿಜ್‌ವರೆಗೆ ಬರುತ್ತಿತ್ತೇ ಹೊರತು ಇಲ್ಲಿಗೆ ಬರುತ್ತಿರಲಿಲ್ಲ. ಬೇರೆ ಬಿಲ್ಡರುಗಳು ಬೇಡವೆಂದ ಬಂಡೆಯೇ ಗ್ರಿಫಿನ್ನರಿಗೆ ಬೇಕಾಗಿತ್ತು.

ಖಾಲಿ ಇತ್ತು ಅನ್ನುತ್ತೀರಿ, ಅಲ್ಲಿ ಮೂಲನಿವಾಸಿಗಳು ಇರಲಿಲ್ಲವೇ?

ಇದ್ದರು. ‘ಖಾಲಿ’ ಎನ್ನುವುದು ಜಮೀನು ಮಾರುವವರ ಮಾತು. ಇದು ಕ್ಯಾಮರೇಗಲ್ ಜನರ ನೆಲ. ಮಿಡ್ಲ್ ಹಾರ್ಬರಿನ ದಂಡೆಗಳಲ್ಲಿ ಅವರು ತಿಂದುಳಿದ ಚಿಪ್ಪುಗಳ ರಾಶಿಗಳೂ ಬಂಡೆಗಳ ಮೇಲೆ ಕೆತ್ತಿದ ಚಿತ್ರಗಳೂ ಈಗಲೂ ಇವೆ. ಸಿಡ್ನಿಯ ಇತಿಹಾಸದಲ್ಲಿ ಹೆಸರು ಉಳಿಸಿಕೊಂಡ ಬಾರಂಗರೂ ಎಂಬ ಗಟ್ಟಿಗಿತ್ತಿ ಇದೇ ಜನಾಂಗದವಳು. 1788ರಲ್ಲಿ ಬ್ರಿಟಿಷರು ಬಂದಿಳಿದರು. ಮರುವರ್ಷವೇ ಸಿಡುಬು ಹಬ್ಬಿ ಸಿಡ್ನಿ ಸುತ್ತಲಿನ ಮೂಲನಿವಾಸಿಗಳಲ್ಲಿ ಬಹಳ ಜನ ಸತ್ತರು. ಗ್ರಿಫಿನ್ ದಂಪತಿ ಈ ನೆಲದ ಗಿಡಮರಗಳಿಗೆ ತೋರಿದ ಗೌರವ ಅಪರೂಪದ್ದು. ಅದೇ ನೆಲದ ಜನ ಅವರ ಯೋಜನೆಯೊಳಗೆ ಎಲ್ಲೂ ಇಲ್ಲ. ಆ ಕಾಲದ ಮಟ್ಟಿಗೆ ಇದು ವಿಶೇಷವೇನಲ್ಲ, ಆದರೂ ಹೇಳಿಯೇ ಮುಂದೆ ಹೋಗಬೇಕು.

ಬೇಲಿ ಹಾಕಬಾರದು ಅಂತ ನಿಜವಾಗಿಯೂ ನಿಯಮವಿತ್ತೇ?

ಇತ್ತು, ಕಾಗದದ ಮೇಲೆಯೇ. ನಿವೇಶನ ಕೊಳ್ಳುವವರು ಕರಾರುಗಳಿಗೆ ಸಹಿ ಹಾಕಬೇಕಿತ್ತು. ಮನೆಯ ನಕ್ಷೆಗೆ ಕಂಪನಿಯ ಒಪ್ಪಿಗೆ ಬೇಕು, ಅಂದರೆ ಗ್ರಿಫಿನ್ನರ ಒಪ್ಪಿಗೆ ಬೇಕು. ಗೋಡೆ ಕಲ್ಲಿನದೋ ಕಾಂಕ್ರೀಟಿನದೋ ಆಗಬೇಕು. ಎಲ್ಲೆಯ ಬೇಲಿ ಕೂಡದು. ಕೆಂಪು ಹೆಂಚು ಕೂಡದು. ಹಿಂದಿನ ಮನೆಯವರಿಗೆ ನೀರು ಕಾಣದಂತೆ ಅಡ್ಡ ಕಟ್ಟಬಾರದು. ಆ ಕಾಲದ ಸಿಡ್ನಿಯ ಹೊಸ ಬಡಾವಣೆಗಳೆಲ್ಲ ಕೆಂಪು ಹೆಂಚಿನ ಒಂದೇ ಅಚ್ಚಿನ ಮನೆಗಳಿಂದ ತುಂಬಿದ್ದವು. ಅವನ್ನು ಕಂಡರೆ ಗ್ರಿಫಿನ್ನರಿಗೆ ಮೈಯುರಿಯುತ್ತಿತ್ತು. ಇಡೀ ನೋಟವೇ ತನ್ನದು ಎಂದು ಇಲ್ಲಿ ವಾಸಿಸುವ ಪ್ರತಿಯೊಬ್ಬರಿಗೂ ಅನ್ನಿಸಬೇಕು ಎಂಬುದು ಅವರ ಮಾತಿನ ಸಾರ.

ಲೆಕ್ಕಾಚಾರ ಸರಳ. ನಿಮ್ಮ ಪಾಲಿನ ನಿವೇಶನ ಚಿಕ್ಕದಾಗಿರಲಿ. ಹಿಂದಿನ ಮೀಸಲು ಜಾಗ, ಕಾಲುದಾರಿ, ನೀರಿನ ದಂಡೆ ಎಲ್ಲವೂ ಸೇರಿ ನಿಮ್ಮದಾಗುತ್ತವೆ, ನೆರೆಯವರದೂ ಆಗುತ್ತವೆ. ದಂಡೆಯನ್ನು ಮಾರದೆ ಉಳಿಸಿಕೊಂಡದ್ದು ಕಂಪನಿಯ ದೃಷ್ಟಿಯಿಂದ ಕೈಯಾರೆ ಮಾಡಿಕೊಂಡ ನಷ್ಟ. ನೀರಿಗೆ ತಾಗಿದ ನಿವೇಶನಕ್ಕೆ ಆಗಲೂ ಈಗಲೂ ಹೆಚ್ಚು ಬೆಲೆ. ಇಂದು ಯಾರು ಬೇಕಾದರೂ ಆ ದಂಡೆಯಲ್ಲಿ ಓಡಾಡಬಹುದಾದರೆ ಅದಕ್ಕೆ ಕಾರಣ ಅಂದು ಬಿಟ್ಟ ಆ ಹಣ.

ಮನೆಗಳ ಬಗ್ಗೆ

ಗ್ರಿಫಿನ್ ಕಟ್ಟಿದ ಮನೆಗಳು ಎಷ್ಟಿವೆ? ಯಾವುದನ್ನು ನೋಡಬೇಕು?

ಸುಮಾರು 15. ಅಷ್ಟೇ. ನೂರಾರು ಮನೆಗಳ ಕನಸು ಕಂಡು ಕಟ್ಟಿದ್ದು ಇಷ್ಟೇ ಎಂದರೆ ಬಂದವರು ನಂಬುವುದಿಲ್ಲ.

ಒಂದನ್ನೇ ನೋಡುವುದಾದರೆ ದಿ ಸಿಟಡೆಲ್ ಬೀದಿಯ ಫಿಶ್‌ವಿಕ್ ಮನೆ ನೋಡಿ. 1929ರದು, ಇಲ್ಲಿನ ಗ್ರಿಫಿನ್ ಮನೆಗಳಲ್ಲೇ ದೊಡ್ಡದು. ಒರಟು ಕಲ್ಲುಗಳನ್ನು ಹಾಗೆಹಾಗೆಯೇ ಇಟ್ಟು ಎಬ್ಬಿಸಿದ ಬಾಗಿಲ ಭಾಗ ಗವಿಯ ಬಾಯಿ ಎಂದೇ ಅನಿಸುತ್ತದೆ. ಗುಡ್ಡ ಎಲ್ಲಿ ಮುಗಿದು ಗೋಡೆ ಎಲ್ಲಿ ಶುರುವಾಯಿತು ಎಂದು ಹೇಳುವುದು ಕಷ್ಟ. ದಿ ಪ್ಯಾರಪೆಟ್‌ನಲ್ಲಿ 1920ರ ದಶಕದ ಆರಂಭದ ಚಿಕ್ಕ ಕಲ್ಲುಮನೆಗಳು ಸಾಲಾಗಿವೆ. ದಿ ಬಾರ್ಬೆಟ್‌ನಲ್ಲಿರುವ 1934ರ ಡಂಕನ್ ಮನೆ ಗ್ರಿಫಿನ್ ಇಲ್ಲಿ ಕಟ್ಟಿದ ಕೊನೆಯದು. ಫಿಶ್‌ವಿಕ್, ಡಂಕನ್ ಎರಡೂ ನ್ಯೂ ಸೌತ್ ವೇಲ್ಸ್ ರಾಜ್ಯದ ಪಾರಂಪರಿಕ ಪಟ್ಟಿಯಲ್ಲಿವೆ. ಎಲ್ಲದರಲ್ಲೂ ಜನ ವಾಸವಿದ್ದಾರೆ. ಬೀದಿಯಿಂದ ನೋಡಿ, ಗೇಟಿನೊಳಗೆ ಫೋನು ಚಾಚಬೇಡಿ.

ವಾಸ್ತು ಪ್ರಕಾರ ಕಟ್ಟಿದ್ದಾರೆಯೇ?

ಈ ಪ್ರಶ್ನೆ ಬಾರದ ದಿನವಿಲ್ಲ. ಇಲ್ಲ. ದಕ್ಷಿಣ ಗೋಳಾರ್ಧದಲ್ಲಿ ಬಿಸಿಲು ಉತ್ತರದಿಂದ ಬರುತ್ತದೆ, ಆದ್ದರಿಂದ ನಮ್ಮ ಲೆಕ್ಕವನ್ನು ಇಲ್ಲಿಗೆ ತರಬೇಕಾದರೆ ಮೊದಲು ಪುಸ್ತಕವನ್ನೇ ತಿರುಗಿಸಿ ಹಿಡಿಯಬೇಕು. ಗ್ರಿಫಿನ್ನರು ನೋಡಿದ್ದು ಇಳಿಜಾರು, ಬಂಡೆ, ಮರ, ನೀರಿನ ನೋಟ ಇವನ್ನು. ಕೆಲವು ಮನೆಗಳು ಬೀದಿಗೆ ಬೆನ್ನು ಹಾಕಿವೆ. ಅಡುಗೆಮನೆ ಬೀದಿಯ ಕಡೆ, ಹಜಾರ ಕಾಡಿನ ಕಡೆ. ರಸ್ತೆಯನ್ನೂ ಗೆರೆ ಎಳೆದಂತೆ ನೇರ ಮಾಡದೆ ಗುಡ್ಡದ ಏರಿಳಿತದ ಜೊತೆ ಬಳಸಿಕೊಂಡು ಹೋಗಲು ಬಿಟ್ಟರು.

ನಿಟ್‌ಲಾಕ್ ಅಂದರೆ ಏನು?

ಗ್ರಿಫಿನ್ 1917ರಲ್ಲಿ ಪೇಟೆಂಟ್ ಪಡೆದ ಕಾಂಕ್ರೀಟ್ ಬಿಲ್ಲೆಗಳ ಪದ್ಧತಿ. ಒಂದಡಿ ಚೌಕದ ತೆಳು ಬಿಲ್ಲೆಗಳು, ಅವುಗಳ ನಡುವೆ ಕಂಬದ ಕೆಲಸ ಮಾಡುವ ಬೇರೆ ತುಂಡುಗಳು. ಒಂದರೊಳಗೆ ಒಂದು ಸಿಕ್ಕಿಕೊಂಡು ಎರಡು ಪದರದ ಗೋಡೆಯಾಗುತ್ತದೆ. ನುರಿತ ಗಾರೆಯವರಿಲ್ಲದಿದ್ದರೂ ನಿವೇಶನದಲ್ಲೇ ಕೈಯಂತ್ರದಲ್ಲಿ ಬಿಲ್ಲೆ ಒತ್ತಿಕೊಳ್ಳಬಹುದಿತ್ತು. ಅಗ್ಗದ ಮನೆಗೆ ದಾರಿ ಎಂಬುದು ಆಸೆ. ಇಲ್ಲಿನ ಕೆಲವು ಮನೆಗಳಲ್ಲಿ ಇದನ್ನು ಕಾಣಬಹುದು. ಗೋಡೆಯ ತುಂಬ ಅಡಿಗೊಂದರಂತೆ ಗೆರೆಗಳು ಮೂಡಿರುತ್ತವೆ, ಕಿಟಕಿ ಬಾಗಿಲುಗಳ ಅಳತೆಯೂ ಅದೇ ಲೆಕ್ಕಕ್ಕೆ ಕೂಡುತ್ತದೆ. ಕಲ್ಲಿನ ಮನೆಗಳಿಗಿಂತ ನನಗೆ ಇವೇ ಹೆಚ್ಚು ಇಷ್ಟ. ಕಲ್ಲು ಯಾರ ಕೈಯಲ್ಲಾದರೂ ಚೆನ್ನಾಗಿ ಕಾಣುತ್ತದೆ. ಬೂದು ಕಾಂಕ್ರೀಟಿಗೆ ಲಕ್ಷಣ ತರುವುದು ಕಷ್ಟದ ಕೆಲಸ.

ಚಾವಣಿ ಸೋರುತ್ತಿತ್ತಂತೆ, ಹೌದೇ?

ಹೌದು. ಸಮತಟ್ಟು ಚಾವಣಿ, ಸಿಡ್ನಿಯ ಜಡಿಮಳೆ, 1920ರ ದಶಕದ ಜಲನಿರೋಧಕ ಲೇಪ: ಮೂರೂ ಕೂಡಿದರೆ ಆಗುವುದು ಅದೇ. ಮಲೆನಾಡಿನವರಿಗೆ ವಿವರಿಸಬೇಕಾಗಿಲ್ಲ. ಆಮೇಲೆ ಬಂದ ಮಾಲೀಕರು ಕೆಲವು ಮನೆಗಳ ಮೇಲೆ ಇಳಿಜಾರು ಚಾವಣಿ ಹೊದಿಸಿದರು, ಕೋಣೆಗಳು ಸಾಲದೆ ಹಿಂದೆ ಮುಂದೆ ಸೇರಿಸಿಕೊಂಡರು. ಗ್ರಿಫಿನ್ ಭಕ್ತರು ಇದನ್ನು ಅಪಚಾರವೆಂದು ಬಯ್ಯುವುದುಂಟು. ಹಾಸಿಗೆಯ ಮೇಲೆ ನೀರು ತೊಟ್ಟಿಕ್ಕಿದರೆ ತಿಳಿಯುತ್ತದೆ.

ಗ್ರಿಫಿನ್ ಬಿಟ್ಟರೆ ಬೇರೆ ಯಾರ ಮನೆಯೂ ನೋಡುವಂತಿಲ್ಲವೇ?

ಇವೆ, ಅವೇ ಕಣ್ತಪ್ಪಿಹೋಗುವುದು. ಎಡಿನ್‌ಬರೋ ರಸ್ತೆಯ ತುದಿಯ ಕಡೆ ಹ್ಯೂ ಬ್ಯೂರಿಕ್ 1970ರ ದಶಕದಲ್ಲಿ ತಮಗಾಗಿ ಕಟ್ಟಿಕೊಂಡ ಮನೆಯಿದೆ. ಅಲೆಯಲೆಯಾಗಿ ಬಾಗಿದ ಚಾವಣಿಯ ಆ ಮನೆಯನ್ನು ಆಸ್ಟ್ರೇಲಿಯಾದ ಅತ್ಯುತ್ತಮ ಆಧುನಿಕ ಮನೆಗಳಲ್ಲಿ ಒಂದೆಂದು ಬಲ್ಲವರು ಹೇಳುತ್ತಾರೆ. ಹ್ಯೂ ಮತ್ತು ಪತ್ನಿ ಇವಾ ಇಬ್ಬರೂ ವಾಸ್ತುಶಿಲ್ಪಿಗಳು, ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡು ಬಂದವರು. ಮೈಸೂರು ಸಂಸ್ಥಾನಕ್ಕೆ 1939ರಲ್ಲಿ ಬಂದ ವಾಸ್ತುಶಿಲ್ಪಿ ಒಟ್ಟೊ ಕೋನಿಗ್ಸ್‌ಬರ್ಗರ್ ಕೂಡ ಅದೇ ತಲೆಮಾರಿನ ನಿರಾಶ್ರಿತ. ಒಂದೇ ಬಿರುಗಾಳಿ ಒಬ್ಬರನ್ನು ಬೆಂಗಳೂರಿಗೂ ಇನ್ನಿಬ್ಬರನ್ನು ಈ ಗುಡ್ಡಕ್ಕೂ ತಂದು ಹಾಕಿತು.

ದಿ ಬುಲ್‌ವರ್ಕ್‌ನಲ್ಲಿ ಬಿಲ್ ಮತ್ತು ರೂತ್ ಲೂಕಸ್ ದಂಪತಿಯ 1957ರ ಗಾಜಿನ ಮನೆಯಿದೆ. ಉಕ್ಕಿನ ತೆಳು ಚೌಕಟ್ಟು, ಗಾಜು, ಮರ. ಬಂಡೆಯನ್ನು ಒಡೆಯದೆ ಅದರ ಮೇಲೆ ಎತ್ತಿ ನಿಲ್ಲಿಸಿದ್ದಾರೆ. ಗ್ರಿಫಿನ್ ಕಲ್ಲಿನಿಂದ ಹೇಳಿದ್ದನ್ನು ಇವರು ಕಲ್ಲೇ ಇಲ್ಲದೆ ಹೇಳಿದರು.

ಜನ, ಬಾಳ್ವೆ

ಮೊದಮೊದಲು ಇಲ್ಲಿಗೆ ಯಾರು ಬಂದರು?

ಚಿತ್ರಕಾರರು, ಸಂಗೀತಗಾರರು, ವೈದ್ಯರು, ವಿಚಾರವಾದಿಗಳು, ತರಕಾರಿ ಮಾತ್ರ ತಿನ್ನುವವರು. ಒಟ್ಟಿನಲ್ಲಿ ಆ ಕಾಲದ ಸಭ್ಯ ಸಿಡ್ನಿ ಹುಬ್ಬೇರಿಸಿ ನೋಡುವಂಥ ಜನ. ಹಣವಂತರು ಕೆಲವರೇ. ಇಂಥ ವಿಚಿತ್ರ ಮನೆಗಳಿಗೆ ಬ್ಯಾಂಕುಗಳು ಸಾಲ ಕೊಡಲು ಹಿಂದೆಮುಂದೆ ನೋಡುತ್ತಿದ್ದವು. 1929ರ ನಂತರದ ಆರ್ಥಿಕ ಕುಸಿತದಲ್ಲಿ ಮಾರಾಟ ಹೆಚ್ಚುಕಡಿಮೆ ನಿಂತೇಹೋಯಿತು. ಕೈಯಲ್ಲಿ ಕಾಸಿಲ್ಲ, ಹೋಗಲು ಬೇರೆ ಜಾಗವಿಲ್ಲ, ನಡುವೆ ಬೇಲಿಯಿಲ್ಲ. ಹಾಗಾಗಿ ಜನ ಹತ್ತಿರವಾದರು. ಗ್ರಿಫಿನ್ನರ ಬಳಿ ಕೆಲಸಕ್ಕಿದ್ದ ಬಿಮ್ ಹಿಲ್ಡರ್ ಎಂಬ ಹುಡುಗ ಮುಂದೆ ಹೆಸರಾಂತ ಶಿಲ್ಪಿಯಾದ. ಇಲ್ಲಿ ಗ್ರಿಫಿನ್ ನೆನಪಿಗಾಗಿ 1965ರಲ್ಲಿ ನಿಲ್ಲಿಸಿದ ಕಾರಂಜಿ ಅವನ ಕೈಕೆಲಸ.

ಹೆಂಡತಿಯ ಪಾಲೇನು? ಎಲ್ಲರೂ ಗಂಡನ ಹೆಸರನ್ನೇ ಹೇಳುತ್ತಾರೆ.

ಸರಿಯಾದ ದೂರು. ಮೇರಿಯನ್ 1894ರಲ್ಲಿ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯಿಂದ ಪದವಿ ಪಡೆದವರು. ಜಗತ್ತಿನಲ್ಲೇ ಪರವಾನಗಿ ಪಡೆದ ಮೊದಲ ಕೆಲವು ಮಹಿಳಾ ವಾಸ್ತುಶಿಲ್ಪಿಗಳಲ್ಲಿ ಒಬ್ಬರು. ಕ್ಯಾನ್‌ಬೆರಾ ಸ್ಪರ್ಧೆಯಲ್ಲಿ ತೀರ್ಪುಗಾರರ ಕಣ್ಣು ಸೆಳೆದ ಚಿತ್ರಗಳು ಅವರ ಕುಂಚದವು. ವಾಲ್ಟರ್ ನಿವೇಶನ ಮಾರಲು, ಸಾಲ ತೀರಿಸಲು, ಮೆಲ್ಬರ್ನಿಗೂ ಸಿಡ್ನಿಗೂ ಓಡಾಡುತ್ತಿದ್ದಾಗ ಊರನ್ನು ಊರಾಗಿಸಿದವರು ಮೇರಿಯನ್. ಬೋಳಾಗಿದ್ದ ಕಡೆ ಈ ನೆಲದ ಗಿಡಗಳನ್ನೇ ಹುಡುಕಿ ನೆಟ್ಟರು, ಮಕ್ಕಳನ್ನು ಕಟ್ಟಿಕೊಂಡು ಕಾಡಿನಲ್ಲಿ ತಿರುಗಿದರು, ಜಗಳವಾಡಿದ ನೆರೆಯವರನ್ನು ಒಂದೇ ನಾಟಕದಲ್ಲಿ ಪಾತ್ರ ಮಾಡಲು ಹಚ್ಚಿದರು. ನನ್ನನ್ನು ಕೇಳಿದರೆ ಕ್ಯಾಸಲ್‌ಕ್ರ್ಯಾಗ್‌ನ ನಕ್ಷೆ ವಾಲ್ಟರರದು, ಸ್ವಭಾವ ಮೇರಿಯನ್ನರದು.

ಕಾಡಿನೊಳಗೆ ನಾಟಕ ಆಡುತ್ತಿದ್ದರಂತಲ್ಲ?

ಆಡುತ್ತಿದ್ದರು, ಈಗಲೂ ಆ ಜಾಗ ಇದೆ. ಹೇವನ್ ಬಯಲು ರಂಗಮಂದಿರ ಎಂದು ಕೇಳಿದರೆ ದಾರಿ ತೋರಿಸುತ್ತಾರೆ. ಕೊರಕಲೊಂದರ ಇಳಿಜಾರಿನಲ್ಲಿ ಕಲ್ಲಿನ ಮೆಟ್ಟಿಲುಗಳೇ ಆಸನ. ಕೆಳಗೆ ತೊರೆ, ಮೇಲೆ ಮರಗಳು. 1930ರ ದಶಕದ ಆರಂಭದಲ್ಲಿ ಮೇರಿಯನ್ ಇಲ್ಲಿ ಗ್ರೀಕ್ ಕಥೆಗಳ ನಾಟಕಗಳನ್ನೂ ಋತು ಹಬ್ಬಗಳನ್ನೂ ನಡೆಸಿದರು. ದಂಪತಿ ಆ ಹೊತ್ತಿಗೆ ರುಡಾಲ್ಫ್ ಸ್ಟೈನರ್ ಅವರ ಆಂತ್ರೊಪಾಸಫಿ ಎಂಬ ಅಧ್ಯಾತ್ಮ ಪಂಥದತ್ತ ವಾಲಿದ್ದರು. ಋತುಗಳಿಗೆ ತಕ್ಕ ಹಬ್ಬ ಮಾಡುವ ಗೀಳು ಅಲ್ಲಿಂದ ಬಂದದ್ದು. ದಂಪತಿ ಹೋದ ಮೇಲೆ ಕಳೆಗಿಡ ಮುಚ್ಚಿ ರಂಗ ಹಾಳುಬಿತ್ತು. 1970ರ ದಶಕದಲ್ಲಿ ಊರಿನವರೇ ಗುದ್ದಲಿ ಹಿಡಿದು ಮತ್ತೆ ಎಬ್ಬಿಸಿದರು. ಕ್ರಿಸ್‌ಮಸ್ ಹೊತ್ತಿನಲ್ಲಿ ಮೇಣದ ದೀಪ ಹಿಡಿದು ಹಾಡುವ ಪದ್ಧತಿ ಆಮೇಲೆ ಬೆಳೆಯಿತು.

ಹಾವು, ಜೇಡ ಇಲ್ಲವೇ? ಮಕ್ಕಳನ್ನು ಕರೆದುಕೊಂಡು ಬರಬಹುದೇ?

ಇವೆ, ಬರಬಹುದು. ಸಿಡ್ನಿಯ ಉತ್ತರ ಭಾಗದ ತೇವದ ಕಲ್ಲುಸಂದಿಗಳು ಫನಲ್‌ವೆಬ್ ಜೇಡದ ತವರು. ಅದರ ವಿಷಕ್ಕೆ ಮದ್ದು ಬಂದದ್ದು 1981ರಲ್ಲಿ, ಅಂದಿನಿಂದ ಅದರ ಕಡಿತದಿಂದ ಯಾರೂ ಸತ್ತಿಲ್ಲ. ಬಿಲಗಳಿಗೆ ಕೈಹಾಕದಿದ್ದರೆ ಸರಿ.

ಇಲ್ಲಿನವರಿಗೆ ನಿಜವಾದ ಪೀಡೆ ಬ್ರಷ್ ಟರ್ಕಿ ಎಂಬ ಕಪ್ಪು ಕಾಡುಕೋಳಿ. ಗಂಡುಹಕ್ಕಿ ಕಾಲಿನಿಂದ ಕೆರೆದು ಕೆರೆದು ತರಗೆಲೆಯ ಗುಡ್ಡೆ ಒಟ್ಟುತ್ತದೆ, ಅದು ಕೊಳೆಯುವ ಕಾವಿನಲ್ಲೇ ಮೊಟ್ಟೆ ಮರಿಯಾಗುತ್ತವೆ. ಆ ಗುಡ್ಡೆಗೆ ಸಾಮಾನು ನಿಮ್ಮ ತೋಟದ್ದು. ಶನಿವಾರ ಸುರಿದ ತೊಗಟೆ ಗೊಬ್ಬರ ಸೋಮವಾರಕ್ಕೆ ಪಕ್ಕದ ಮರದಡಿ ರಾಶಿಯಾಗಿರುತ್ತದೆ. ಕಾನೂನು ಹಕ್ಕಿಯ ಪರವಾಗಿದೆ, ಓಡಿಸಿದರೆ ಮತ್ತೆ ಬರುತ್ತದೆ. ಬೇಲಿ ಇದ್ದಿದ್ದರೂ ಪ್ರಯೋಜನವಿರಲಿಲ್ಲ, ಅದು ಹಾರಬಲ್ಲದು.

ಅಲ್ಲಿ ಕನ್ನಡಿಗರು ಇದ್ದಾರೆಯೇ?

ಬಹಳ ಕಡಿಮೆ. ಸಿಡ್ನಿಯ ಭಾರತೀಯರಲ್ಲಿ ಹೆಚ್ಚಿನವರು ಪಶ್ಚಿಮದ ಪ್ಯಾರಾಮಟ್ಟಾ, ಹ್ಯಾರಿಸ್ ಪಾರ್ಕ್, ವೆಸ್ಟ್‌ಮೀಡ್, ವೆಂಟ್‌ವರ್ತ್‌ವಿಲ್ ಕಡೆ ನೆಲೆಸಿದ್ದಾರೆ. ಕೊತ್ತಂಬರಿ ಸೊಪ್ಪು, ದೇವಸ್ಥಾನ, ರೈಲು ಎಲ್ಲವೂ ಆ ಕಡೆಗೇ ಹತ್ತಿರ. ಇಲ್ಲಿ ಮನೆಯ ಬೆಲೆ ಕೇಳಿದರೆ ಪ್ರಶ್ನೆ ತಾನಾಗಿಯೇ ನಿಲ್ಲುತ್ತದೆ.

ಆಳಕ್ಕಿಳಿಯುವವರಿಗೆ

ಬಿಳಿಯರಿಗಷ್ಟೇ ಆಸ್ಟ್ರೇಲಿಯಾ ಎನ್ನುವ ಕಾಲದಲ್ಲಿ ಇದೂ ಬಿಳಿಯರ ಬಡಾವಣೆಯೇ ಆಗಿತ್ತೇ?

1901ರ ವಲಸೆ ನಿರ್ಬಂಧ ಕಾಯ್ದೆಯಿಂದ 1973ರವರೆಗೆ ಏಷ್ಯಾದವರಿಗೆ ಈ ದೇಶದ ಬಾಗಿಲು ಹೆಚ್ಚುಕಡಿಮೆ ಮುಚ್ಚಿತ್ತು. ನಮ್ಮಂಥವರು ಇಲ್ಲಿ ನೆಲೆಯೂರಿದ್ದೆಲ್ಲ ಆಮೇಲೆ. ಅಂಥ ಕಾಲದಲ್ಲಿ ಇಲ್ಲಿನ ಮೊಟ್ಟಮೊದಲ ಮನೆಗಳಲ್ಲಿ ಒಂದನ್ನು, ದಿ ಪ್ಯಾರಪೆಟ್‌ನ 1922ರ ಮನೆಯನ್ನು, ಕಟ್ಟಿಸಿಕೊಂಡವರು ಚಿಯೋಕ್ ಹಾಂಗ್ ಚಿಯಾಂಗ್ ಎಂಬ ಮೆಲ್ಬರ್ನಿನ ಚೀನೀ ಪಾದ್ರಿ. ಚೀನೀಯರ ಮೇಲಿನ ಅನ್ಯಾಯದ ವಿರುದ್ಧ ದಶಕಗಳ ಕಾಲ ಬರೆದು ಮಾತನಾಡಿದವರು ಅವರು. ಒಂದು ಮನೆಯಿಂದ ಇಡೀ ಬಡಾವಣೆ ಉದಾರವಾಗಿತ್ತು ಎಂದು ಹೇಳುವಂತಿಲ್ಲ. ಆದರೆ ಗ್ರಿಫಿನ್ನರು ಚೀನೀ ಪಾದ್ರಿಗೆ ಮನೆ ಕಟ್ಟಿಕೊಡಲು ಹಿಂಜರಿಯಲಿಲ್ಲ, ಅದು ಆ ದಿನಗಳಲ್ಲಿ ಸಣ್ಣ ಮಾತಲ್ಲ.

ಗ್ರಿಫಿನ್ ಭಾರತದಲ್ಲಿ ಸತ್ತರು ಅನ್ನುವುದು ನಿಜವೇ?

ನಿಜ. ನಿವೇಶನಗಳು ಮಾರಾಟವಾಗದೆ ಆಫೀಸಿಗೆ ಉಳಿದ ಆಸರೆಯೆಂದರೆ ನಗರಸಭೆಗಳ ಕಸ ಸುಡುವ ಘಟಕಗಳ ಕೆಲಸ. ಅದರಲ್ಲೂ ಅವರು ಕಲೆ ಬಿಡಲಿಲ್ಲ. ಪಕ್ಕದ ವಿಲ್ಲೋಬಿಯಲ್ಲಿರುವ 1934ರ ಘಟಕ ಇಂದು ಕಲಾ ಪ್ರದರ್ಶನದ ಜಾಗವಾಗಿದೆ. ಹೀಗಿರುವಾಗ ಲಖನೌ ವಿಶ್ವವಿದ್ಯಾಲಯದ ಗ್ರಂಥಾಲಯದ ಕೆಲಸಕ್ಕೆ ಕರೆ ಬಂತು. 1935ರಲ್ಲಿ ಹೊರಟರು, ಮೇರಿಯನ್ ಮರುವರ್ಷ ಹೋಗಿ ಸೇರಿಕೊಂಡರು. ಸುಮಾರು 15 ತಿಂಗಳಲ್ಲಿ ಹತ್ತಾರು ನಕ್ಷೆಗಳು ತಯಾರಾದವು. ‘ಪಯೋನಿಯರ್’ ಪತ್ರಿಕೆಯ ಮುದ್ರಣಾಲಯದ ಕಟ್ಟಡ ಅವುಗಳಲ್ಲಿ ಹೆಸರಾದದ್ದು. ಭಾರತ ಅವರಿಗೆ ಹುರುಪು ತಂದಿತ್ತು. ಪಿತ್ತಕೋಶದ ಶಸ್ತ್ರಚಿಕಿತ್ಸೆಯ ನಂತರ ಸೋಂಕು ತಗುಲಿ 1937ರ ಫೆಬ್ರುವರಿಯಲ್ಲಿ ಲಖನೌದಲ್ಲೇ ತೀರಿಕೊಂಡರು. ಅಲ್ಲಿನ ಕ್ರೈಸ್ತ ಸ್ಮಶಾನದಲ್ಲಿ ದಶಕಗಳ ಕಾಲ ಗುರುತಿಲ್ಲದೆ ಮಲಗಿದ್ದರು. ಮೇರಿಯನ್ ಸಿಡ್ನಿಗೆ ಬಂದು ವ್ಯವಹಾರ ಮುಗಿಸಿ ಷಿಕಾಗೊಗೆ ಹಿಂದಿರುಗಿದರು, 1961ರವರೆಗೆ ಬದುಕಿದ್ದರು. ಕಚೇರಿಯನ್ನು ಪಾಲುದಾರ ಎರಿಕ್ ನಿಕೋಲ್ಸ್ ನಡೆಸಿಕೊಂಡು ಹೋದರು.

ಹಾಗಾದರೆ ಪ್ರಯೋಗ ಸೋತಿತು ಅಂತಲೇ ಅಲ್ಲವೇ? ಈಗ ಬೇಲಿಗಳೂ ಕೆಂಪು ಹೆಂಚುಗಳೂ ಕಾಣುತ್ತವೆ.

ಕಾಣುತ್ತವೆ. ಎರಡನೇ ಮಹಾಯುದ್ಧದ ನಂತರ ಸಿಡ್ನಿ ಬೆಳೆದಾಗ ಉಳಿದ ನಿವೇಶನಗಳೆಲ್ಲ ಭರ್ತಿಯಾದವು. ಕರಾರುಗಳನ್ನು ಮೊದಲಿನ ಬಿಗಿಯಲ್ಲಿ ಜಾರಿ ಮಾಡುವವರು ಇರಲಿಲ್ಲ. ಇಟ್ಟಿಗೆ ಮನೆ ಬಂತು, ಹೆಂಚು ಬಂತು, ಈಜುಕೊಳ ಬಂದ ಮೇಲೆ ಮಕ್ಕಳ ಸುರಕ್ಷತೆಗೆ ಕಾನೂನೇ ಬೇಲಿ ಕೇಳಿತು.

ಆದರೆ ಒಂದು ವ್ಯತ್ಯಾಸ ಗಮನಿಸಿ. ಗ್ರಿಫಿನ್ ಎರಡು ಬಗೆಯ ಕೆಲಸ ಮಾಡಿದ್ದರು. ಮನೆ ಹೇಗಿರಬೇಕೆಂದು ಜನರಿಗೆ ಹೇಳಿದ್ದು ಒಂದು. ಅದು ಅವರ ಜೊತೆಗೇ ಹೋಯಿತು. ನೆಲವನ್ನೇ ಬೇರೆ ರೀತಿ ಹಂಚಿದ್ದು ಇನ್ನೊಂದು. ರಸ್ತೆಯ ತಿರುವು, ಕಾಲುದಾರಿ, ಮೀಸಲು ಜಾಗ, ದಂಡೆ, ಇವು ಸರ್ವೆ ನಕ್ಷೆಯಲ್ಲಿ ಕೂತುಬಿಟ್ಟಿದ್ದವು. ಮೀಸಲು ಜಾಗಗಳು ಸಾರ್ವಜನಿಕ ಸ್ವತ್ತಾಗಿ ನಗರಸಭೆಯ ಕೈ ಸೇರಿದವು. ಯಾರ ರುಚಿ ಬದಲಾದರೂ ಇವು ಕದಲಲಿಲ್ಲ. ಅದಕ್ಕೇ ಇಂದು ಹೆಚ್ಚುಕಡಿಮೆ ಎಲ್ಲ ಮನೆಗಳೂ ಬೇರೆಯವರು ಕಟ್ಟಿದ್ದಾದರೂ ಊರು ಗ್ರಿಫಿನ್ನರದೇ ಅನಿಸುತ್ತದೆ.

ಇದನ್ನು ಉಳಿಸಿದವರು ಯಾರು? ನಗರಸಭೆಯೇ?

ನಗರಸಭೆ ಸಂರಕ್ಷಣಾ ವಲಯ ಎಂದು ಘೋಷಿಸಿದೆ, ನಿಜ. ಅದನ್ನು ಘೋಷಿಸುವಂತೆ ಮಾಡಿದವರು ಸಂಬಳವಿಲ್ಲದ ಜನ. 1925ರಲ್ಲೇ ಶುರುವಾದ ಪ್ರೋಗ್ರೆಸ್ ಅಸೋಸಿಯೇಷನ್ ಎಂಬ ನಿವಾಸಿಗಳ ಸಂಘ ಇಂದಿಗೂ ನಡೆಯುತ್ತಿದೆ. ‘ದಿ ಕ್ರ್ಯಾಗ್’ ಎಂಬ ಸುದ್ದಿಪತ್ರ ತರುತ್ತದೆ. 1988ರಲ್ಲಿ ವಾಲ್ಟರ್ ಬರ್ಲಿ ಗ್ರಿಫಿನ್ ಸೊಸೈಟಿ ಹುಟ್ಟಿತು. ಇವರ ಸಭೆಗಳೆಂದರೆ ಚರಂಡಿ, ಕಳೆಗಿಡ, ಯಾರದೋ ಮೂರನೆಯ ಅಂತಸ್ತಿನ ಅರ್ಜಿ. ಕೇಳಲು ನೀರಸ. ವಾರಾಂತ್ಯದಲ್ಲಿ ಮೀಸಲು ಜಾಗಗಳಲ್ಲಿ ಮಂಡಿಯೂರಿ ಲ್ಯಾಂಟಾನಾ ಕೀಳುತ್ತಿರುವ ಹಿರಿಯರನ್ನು ಕಂಡರೆ ಮಾತನಾಡಿಸಿ. ನಮ್ಮ ಬಂಡೀಪುರವನ್ನೂ ಕಾಡುತ್ತಿರುವ ಅದೇ ಲ್ಯಾಂಟಾನಾ.

ಎಲ್ಲರಿಗೂ ಸೇರಿದ ನೋಟ ಅಂದವರ ಊರು ಈಗ ಕೋಟ್ಯಧಿಪತಿಗಳದು. ಇದು ಬೂಟಾಟಿಕೆಯಲ್ಲವೇ?

ಗ್ರಿಫಿನ್ನರದು ಬೂಟಾಟಿಕೆಯಲ್ಲ, ಅವರು ಇದರಿಂದ ಹಣ ಮಾಡಲಿಲ್ಲ. ಸಾಲದಲ್ಲೇ ಒದ್ದಾಡಿದರು. ಆದರೆ ಪ್ರಶ್ನೆಯಲ್ಲಿ ಹುರುಳಿದೆ. ಮರ, ನೀರು, ಶಾಂತಿ ಇವನ್ನು ನೂರು ವರ್ಷ ಕಾಪಾಡಿದರೆ ಅಲ್ಲಿನ ನೆಲದ ಬೆಲೆ ಮುಗಿಲಿಗೇರುತ್ತದೆ. ಅಗ್ಗದ ಮನೆಗೆಂದು ಹುಟ್ಟಿದ ನಿಟ್‌ಲಾಕ್ ಗೋಡೆಯ ಮನೆ ಇಂದು ಹಲವು ದಶಲಕ್ಷ ಡಾಲರಿನ ಸಂಗ್ರಹಯೋಗ್ಯ ವಸ್ತು. ಇಲ್ಲಿ ಹುಟ್ಟಿ ಬೆಳೆದ ಮಕ್ಕಳಲ್ಲಿ ಹಲವರು ಇಲ್ಲಿ ಮನೆ ಕೊಳ್ಳಲಾರರು.

ಸಿಡ್ನಿಯಲ್ಲಿ ಮನೆಗಳ ಅಭಾವವಿದೆ. ಇಂಥ ಜಾಗದಲ್ಲಿ ಅಪಾರ್ಟ್‌ಮೆಂಟ್ ಯಾಕೆ ಕಟ್ಟಬಾರದು?

ಈಗಿನ ಬಿಸಿ ಚರ್ಚೆ ಇದೇ. ಹೆಚ್ಚು ಮನೆಗಳಿಗಾಗಿ ರಾಜ್ಯ ಸರ್ಕಾರ ಕೆಲವು ವರ್ಷಗಳಿಂದ ಕಟ್ಟಡ ನಿಯಮಗಳನ್ನು ಸಡಿಲಿಸುತ್ತಿದೆ. ಪಾರಂಪರಿಕ ಬಡಾವಣೆಗಳ ನಿವಾಸಿಗಳು ಪರಂಪರೆಯ ಹೆಸರಿನಲ್ಲಿ ತಮ್ಮ ಆಸ್ತಿಯ ಬೆಲೆ ಕಾಯುತ್ತಿದ್ದಾರೆ ಎನ್ನುವುದು ಯುವಕರ ಆರೋಪ. ಕೆಲವು ಕಡೆ ಅದು ಸತ್ಯವೂ ಹೌದು.

ನನ್ನ ಅಭಿಪ್ರಾಯ ಹೀಗಿದೆ. ಗುಡ್ಡದ ಬುಡದ ಅಂಗಡಿಗಳ ಸುತ್ತ, ಬಸ್ ಓಡಾಡುವ ರಸ್ತೆಯ ಪಕ್ಕ, ಮೂರ್ನಾಲ್ಕು ಅಂತಸ್ತು ಬಂದರೆ ಆಕಾಶ ಕಳಚಿ ಬೀಳುವುದಿಲ್ಲ. ಅಂಗಡಿ, ಮನೆ, ಆಸ್ಪತ್ರೆ ಎಲ್ಲ ಕೂಡಿರುವ ಊರನ್ನೇ ಗ್ರಿಫಿನ್ ಬಯಸಿದ್ದರು. ಒಳಗಿನ ಬೀದಿಗಳ ಮಾತು ಬೇರೆ. ಅಲ್ಲಿ ಬಂಡೆಯನ್ನು ಒಡೆದು ನೆಲಮಾಳಿಗೆಯ ಕಾರ್ ನಿಲ್ದಾಣ ಮಾಡಿದರೆ ಮರಗಳ ಬೇರು ಹೋಗುತ್ತದೆ, ಮಳೆನೀರು ಹರಿಯುವ ದಾರಿ ಬದಲಾಗುತ್ತದೆ. ಗುಡ್ಡಕ್ಕೆ ಇರುವುದು ಒಂದೇ ರಸ್ತೆಯಾದ್ದರಿಂದ ಕಾಳ್ಗಿಚ್ಚು ಬಂದಾಗ ಎಲ್ಲರೂ ಅದರಲ್ಲೇ ಇಳಿಯಬೇಕು. ಹಾಗೆಂದು ಅಪಾರ್ಟ್‌ಮೆಂಟ್ ವಿರೋಧಿಸುತ್ತಲೇ ತಮ್ಮ ಒಂಟಿ ಮನೆಯನ್ನು ಕೆಡವಿ ನಿವೇಶನದ ಅಂಚಿನಿಂದ ಅಂಚಿಗೆ ಆರು ಮಲಗುವ ಕೋಣೆಗಳ ಬಂಗಲೆ ಎಬ್ಬಿಸುವವರನ್ನು ಸುಮ್ಮನೆ ಬಿಡುವುದೂ ಸರಿಯಲ್ಲ. ಬಂಡೆಗೂ ಮರಕ್ಕೂ ಹಾನಿ ಎರಡರಿಂದಲೂ ಒಂದೇ, ಬಂಗಲೆಯಲ್ಲಿ ವಾಸಿಸುವವರು ಮಾತ್ರ ನಾಲ್ಕೇ ಜನ.